ಬಿಳಿ ಕಾರಿನ ಮೇಲೆ ಮೂಡಿದ ಕೆಂಪು ಚೌಕಡಿಯ ಕುರಿತು

ಶ್ರೀಮತಿ ಅನಿತಾ ಅವರ ಸನ್ನಿಧಿಗೆ,
ವಾರಂಟಿ ಹಾಗೂ ದೂರು ಪರಿಹಾರ ವಿಭಾಗದ ಮುಖ್ಯಸ್ಥರು,
ಅಭೇದ್ಯ ಕಾರು ಲೇಪನ ಸಂಸ್ಥೆ, ಹುಬ್ಬಳ್ಳಿ.

ಮಾನ್ಯರೇ,

ತಾವು, ತಮ್ಮ ಸಿಬ್ಬಂದಿ ಮತ್ತು ಮುಖ ನೋಡಿಕೊಂಡು ಕ್ರಾಪು ತೀಡಬಹುದಾದಷ್ಟು ಹೊಳೆಯುವ ತಮ್ಮ ಮಳಿಗೆಯ ನೆಲ, ಎಲ್ಲವೂ ಗೀರಿಲ್ಲದೆ, ಕಲೆಯಿಲ್ಲದೆ, ಧೂಳಿಲ್ಲದೆ ಕ್ಷೇಮವಾಗಿರಲೆಂದು ಹಾರೈಸುತ್ತ, ಗಜೇಂದ್ರಗಡದ ನೇಕಾರ ಓಣಿಯ ನಿವಾಸಿಯೂ, ರೋಣದ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷಗಳಿಂದ ರಸಾಯನಶಾಸ್ತ್ರ ಕಲಿಸುತ್ತಿರುವವನೂ, ತಮ್ಮ ಪಾರದರ್ಶಕ ಹಾಳೆಯ ಪರಮ ಅಭಿಮಾನಿಯೂ ಆದ ಗುರುಸಂಗಪ್ಪನು ಮಾಡಿಕೊಳ್ಳುವ ವಿನಮ್ರ ವಿಜ್ಞಾಪನೆ.

ದೂರು ಹೇಳುವ ಮೊದಲು ನನ್ನ ಮೇಲೆಯೇ ಇರುವ ದೂರೊಂದನ್ನು ತೀರಿಸಿಕೊಳ್ಳಬೇಕಾಗಿದೆ. ಕಳೆದ ಅಕ್ಟೋಬರಿನಲ್ಲಿ ತಮ್ಮ ಮಳಿಗೆಯ ಗಾಜಿನ ಮೇಜಿನ ಮೇಲಿಂದ ಅಂಗೈಯಗಲದ ಹಾಳೆಯ ಮಾದರಿಯೊಂದು ಕಾಣೆಯಾಗಿ, ತಮ್ಮ ಸಿಬ್ಬಂದಿ ಮೇಜಿನ ಕೆಳಗೆಲ್ಲ ಬಗ್ಗಿ ಹುಡುಕಿದರಲ್ಲ, ಅವರ ಜೊತೆ ನಾನೂ ಮೊಣಕಾಲೂರಿ, ಇದ್ದಾಗಲೇ ಕಾಣದ ಹಾಳೆ ಕಾಣೆಯಾದ ಮೇಲೆ ಕಾಣುವುದು ಹೇಗೆ ಎಂದು ಕನಿಕರ ತೋರಿದೆನಲ್ಲ, ಆ ಹೊತ್ತಿನಲ್ಲಿ ಆ ಹಾಳೆ ನನ್ನ ಅಂಗಿಯ ಕಿಸೆಯಲ್ಲಿತ್ತು. ಕದ್ದವನು ನಾನೇ. ನನ್ನ ಮೇಲೆ ಯಾವ ಕ್ರಮ ಕೈಗೊಂಡರೂ ತಲೆಬಾಗುತ್ತೇನೆ. ಆ ಕ್ರಮವೂ ತಮ್ಮ ವಾರಂಟಿಯಷ್ಟೇ ನಿಧಾನವಾಗಿ ಬರುತ್ತದೆಂಬ ಭರವಸೆ ನನಗಿದೆ.

ಕದ್ದದ್ದು ವಿಜ್ಞಾನಕ್ಕಾಗಿ. ಕಾರಿನ ಬಣ್ಣದ ಮೇಲೆ ಅಂಟಿಸಿದರೆ ಕಣ್ಣಿಗೆ ಕಾಣದೆ, ಗೀರು ಬಿದ್ದರೆ ಬಿಸಿಲಿಗೆ ತಾನೇ ಮಾಯ್ದು, ಹತ್ತು ವರ್ಷ ಒಡೆಯನ ಮಾನ ಕಾಯುವ ಹಾಳೆ ಎಂದು ತಾವು ಹೇಳಿದ್ದನ್ನು ನಾನು ನಂಬಲಿಲ್ಲವೆಂದಲ್ಲ. ನಂಬಿಕೆಗೂ ಒಂದು ಪುರಾವೆ ಇರಲೆಂದು ಅದನ್ನು ನಮ್ಮ ಪ್ರಯೋಗಶಾಲೆಯ ಸ್ಟೀಲ್ ತಟ್ಟೆಗೆ ಅಂಟಿಸಿ, ನಮ್ಮ ಸೀಮೆಯ ಸಮಸ್ತ ವೈರಿಗಳನ್ನೂ ಅದರ ಮೇಲೆ ಬಿಟ್ಟೆ. ಕ್ಯಾಂಟೀನಿನ ಚಹಾ, ಎಣ್ಣೆ ಬೆರೆಸಿದ ಶೇಂಗಾ ಚಟ್ನಿ, ಎರೆಮಣ್ಣಿನ ರಾಡಿ, ಪಾರಿವಾಳದ ಹಿಕ್ಕೆ, ಮತ್ತು ಹಿರಿಯ ಸಹೋದ್ಯೋಗಿಯೊಬ್ಬರು ವಿಜ್ಞಾನದ ಮೇಲಿನ ಪ್ರೀತಿಯಿಂದ ಉದಾರವಾಗಿ ಉಗುಳಿಕೊಟ್ಟ ಎಲೆಯಡಿಕೆಯ ರಸ. ಒಂದು ವಾರದ ಮೇಲೆ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿದರೆ ತಟ್ಟೆ ಹೊಸ ಅಳಿಯನಿಗೆ ಇಡುವ ತಟ್ಟೆಯಂತೆ ಹೊಳೆಯಿತು. ನಮ್ಮ ಪ್ರಯೋಗಶಾಲೆಯಲ್ಲಿ ಹೇಳಿದ ಹಾಗೆಯೇ ಫಲಿತಾಂಶ ಬಂದ ಮೊದಲ ಪ್ರಯೋಗ ಅದು. ನಮ್ಮ ಮನೆಯ ಸೀರೆಯ ಕೆಂಪನ್ನು ಮಾತ್ರ ನಾನು ಆ ತಟ್ಟೆಗೆ ತಾಗಿಸಲಿಲ್ಲ. ಬಿಡದ ಬಣ್ಣವನ್ನು ಬಿಡುತ್ತದೆಯೋ ಎಂದು ನೋಡುವುದು ಪ್ರಯೋಗವಲ್ಲ, ಅವ್ವನಿಗೆ ಮಾಡುವ ಅವಮಾನ.

ಇಂಥ ಹಾಳೆ ಹೊದೆಯುವಂಥ ಕಾರು ಇಂಥವನಿಗೆ ಎಲ್ಲಿಂದ ಬಂತೆಂದು ತಾವು ಮೊದಲ ದಿನವೇ ಕೇಳಬೇಕೆಂದುಕೊಂಡು, ಸೌಜನ್ಯದಿಂದ ನನ್ನ ಚಪ್ಪಲಿಯನ್ನಷ್ಟೇ ನೋಡಿ ಸುಮ್ಮನಾದಿರಿ. ಗುಡ್ಡದ ಮೇಲೆ ನಮಗೊಂದು ಹೊಲವಿದೆ. ಅಲ್ಲಿ ಕಲ್ಲಿನ ಹೊರತು ಮತ್ತೇನಾದರೂ ಬೆಳೆದದ್ದನ್ನು ನಮ್ಮ ಅಜ್ಜನೂ ಕಂಡಿರಲಿಲ್ಲ. ಆ ಹೊಲದಲ್ಲಿ ಗಾಳಿಯಂತ್ರದವರು ಕಂಬ ನೆಟ್ಟು ಕೈತುಂಬ ದುಡ್ಡು ಕೊಟ್ಟರು. ಗಾಳಿಯಿಂದ ಬಂದದ್ದನ್ನು ಗಾಳಿಯಂತೆ ಓಡುವುದಕ್ಕೇ ಹಾಕಬೇಕೆಂಬ ನ್ಯಾಯ ನನ್ನ ತಲೆಯಲ್ಲಿ ಹುಟ್ಟಿ, ಎರಡು ಬಾಗಿಲಿನ, ನೆಲಕ್ಕೆ ಹೊಟ್ಟೆ ಹಚ್ಚಿ ಓಡುವ ಸ್ಪೋರ್ಟ್ಸ್ ಕಾರಿಗೆ ಹೆಸರು ಬರೆಸಿಬಿಟ್ಟೆ. ಅದರ ಚಿತ್ರ ನೋಡಿದ ನನ್ನ ಹೆಂಡತಿ ಮಧುಮತಿ, “ಎರಡ ಕುರ್ಚಿ, ಮುಂದೊಂದು ಕನ್ನಡಿ. ಇದು ಕಾರೇನ್ರಿ, ಕಟಿಂಗ್ ಅಂಗಡಿಯೇನ್ರಿ?” ಎಂದು ಕೇಳಿ ಮತ್ತೆ ಮಗ್ಗಕ್ಕೆ ಕುಳಿತಳು.

ಬಣ್ಣ ಆರಿಸುವ ಸಂದರ್ಭ ಬಂದಾಗ ಕಾರಿನ ಅಂಗಡಿಯವರು ಕೊಟ್ಟ ಬಣ್ಣದ ಪಟ್ಟಿಯನ್ನು ಮನೆಗೆ ತಂದೆ. ಹದಿನಾಲ್ಕು ಬಣ್ಣ, ಒಂದೊಂದಕ್ಕೂ ರಾಜಕುಮಾರಿಯರಿಗೆ ಇಡುವಂಥ ಹೆಸರು. ನಾನು ಬೆರಳಿಟ್ಟದ್ದು ‘ಆರ್ಕ್ಟಿಕ್ ಪರ್ಲ್’ ಎಂಬ ಬಿಳಿಯ ಮೇಲೆ. ಎಪ್ಪತ್ತೆರಡು ವರ್ಷದ ನಮ್ಮ ಅವ್ವ ಕಳಕವ್ವ, ಬಣ್ಣದ ಹಂಡೆಯ ಮುಂದೆ ಐವತ್ತು ವರ್ಷ ಕುಳಿತವಳು, ಆ ಪಟ್ಟಿಯನ್ನು ಅಂಗಳದ ಬೆಳಕಿಗೆ ಒಯ್ದು, ಹಿಂದೆ ಮುಂದೆ ತಿರುಗಿಸಿ, “ಇದು ಬಿಳೇದಲ್ಲ ಯಪ್ಪಾ, ಕೋರಾ. ಇದನ್ನ ಇನ್ನೂ ಬಣ್ಣಕ್ಕ ಹಾಕೂದೈತಿ” ಎಂದಳು. ಬಣ್ಣ ಕಾಣದ ಹಸಿ ನೂಲಿಗೆ ನಮ್ಮಲ್ಲಿ ಕೋರಾ ಎನ್ನುತ್ತೇವೆ. ಉತ್ತರ ಧ್ರುವದ ಮುತ್ತನ್ನು ಒಂದು ಲಡಿ ಹಸಿ ನೂಲಿಗೆ ಇಳಿಸಿದ ಆ ಮಾತಿಗೆ ನಾನು ಆಗ ನಕ್ಕಿದ್ದೆ.

ಏಪ್ರಿಲಿನಲ್ಲಿ ಕಾರು ಬಂತು. ತಮ್ಮಲ್ಲಿ ನಾಲ್ಕು ದಿನ ಇದ್ದು, ಮೂಗಿನಿಂದ ಹಿಮ್ಮಡಿಯತನಕ ಹಾಳೆ ಹೊದ್ದು, ಗಜೇಂದ್ರಗಡಕ್ಕೆ ಅದು ದಯಮಾಡಿಸಿದ ದಿನದಿಂದ ಕಾರಿನ ಜೊತೆ ನನಗೆ ಕಾರುಬಾರೂ ಬಂತು. ನೋಡಲು ಬಂದವರು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೋಡಬೇಕು, ಉಂಗುರವಿದ್ದವರು ಉಂಗುರ ಬಿಚ್ಚಿ ನೋಡಬೇಕು, ಸೀನು ಬಂದವರು ಪೂರ್ವಕ್ಕೆ ತಿರುಗಿ ಸೀನಬೇಕು ಎಂದು ನಿಯಮ ಮಾಡಿದೆ. ಒಳಗೆ ಕೂರುವುದಂತೂ ಯಾರಿಗೂ ಸುಲಭವಾಗಲಿಲ್ಲ. ನಮ್ಮ ಪ್ರಾಚಾರ್ಯರು ತಲೆ ಮೊದಲು ಮಾಡಿ ಹೊಕ್ಕು, ಒಳಗೆ ಸಿಕ್ಕಿಕೊಂಡು, ಇಬ್ಬರು ಉಪನ್ಯಾಸಕರ ಸಹಾಯದಿಂದ ಹೊರಬಂದರು. ಅವ್ವ ಮಾತ್ರ ಸೀರೆಯ ನಿರಿಗೆ ಎತ್ತಿ ಹಿಡಿದು, ಅಂಚಿಗೆ ಕುಂಡಿ ಊರಿ, ಎರಡೂ ಕಾಲನ್ನು ಒಟ್ಟಿಗೆ ಒಳಗೆ ಬಿಟ್ಟು, ಇಳಿದೇಬಿಟ್ಟಳು. ಹುಟ್ಟಿನಿಂದ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯ್ದವಳಿಗೆ ಇದೇನು ಮಹಾ! “ಕುಣಿಮಗ್ಗಕ್ಕ ಕುಂತಾಂಗಾತು ನೋಡು” ಎಂದ ಅವಳ ಪಾದಗಳು, ನಾನು ನೋಡುತ್ತಿದ್ದಂತೆಯೇ, ಮಗ್ಗದಲ್ಲಿ ತುಳಿಯುವ ಹಲಗೆಗಾಗಿ ಕೆಳಗೆ ತಡಕಾಡಿದವು.

ಇನ್ನು ತಮ್ಮ ಕೈಪಿಡಿಯ ವಿಷಯ. ಕಾರನ್ನು ಹೊರಗೆ ನಿಲ್ಲಿಸುವವರು ಗಾಳಿಯಾಡುವ ಹತ್ತಿಯ ಹೊದಿಕೆಯನ್ನೇ ಹೊದಿಸತಕ್ಕದ್ದು ಎಂದು ಅದರಲ್ಲಿ ಅಪ್ಪಣೆ ಕೊಡಿಸಿದ್ದೀರಿ. ನಮ್ಮ ಓಣಿಯಲ್ಲಿ ಎಮ್ಮೆಯೂ ಓರೆಯಾಗಿ ಹೋಗಬೇಕಾದ್ದರಿಂದ ಕಾರು ಮನೆಯ ಹಿಂದೆ ನೂಲು ಒಣಹಾಕುವ ಬಯಲಿನಲ್ಲೇ ನಿಲ್ಲಬೇಕಿತ್ತು. ಹತ್ತಿಯ ಹೊದಿಕೆ! ನೇಕಾರನ ಮನೆಯ ಕಾರು ಪೇಟೆಯಲ್ಲಿ ಕೊಂಡ ಬಟ್ಟೆ ಹೊದ್ದು ನಿಂತರೆ ಓಣಿಯಲ್ಲಿ ನಾವು ತಲೆಯೆತ್ತಿ ತಿರುಗುವುದು ಹೇಗೆ? ಕಾರು ಬರುವ ಮೊದಲೇ, ಫೆಬ್ರುವರಿಯಲ್ಲಿ, ಮಧುಮತಿಯ ಕೈಯಿಂದ ಕೋರಾ ನೂಲಿನ ಮೇಲೆ ಕೆಂಪು ಚೌಕಡಿಯ ನಾಲ್ಕು ಪಟ್ಟಿ ನೇಯಿಸಿ, ಜೋಡಿಸಿ ಹೊಲಿಸಿದ್ದೆ. ಮೂತಿಗೆ ಅಂಚು ಬಂದಿತ್ತು, ಹಿಂಭಾಗಕ್ಕೆ ಸೆರಗು ಬಂದಿತ್ತು. ಹೊದಿಸಿ ನಿಲ್ಲಿಸಿದಾಗ ಕಾರು ಹೊಸದಾಗಿ ಬಂದ ಸೊಸೆಯಂತೆ ತಲೆತಗ್ಗಿಸಿ ನಿಂತಿತ್ತೆಂದು ಹೇಳಿದರೆ ತಾವು ನಂಬಬೇಕು.

ಇಲ್ಲಿ ನಮ್ಮ ಕೆಂಪಿನ ಬಗ್ಗೆ ತಮಗೆ ಎರಡು ಮಾತು ತಿಳಿಸದೆ ಮುಂದೆ ಹೋಗುವಂತಿಲ್ಲ. ನಮ್ಮ ಸೀರೆ ಕೊಳ್ಳಲು ಬಂದವರು ಬಣ್ಣ ಬಿಡುತ್ತದೆಯೇ ಎಂದು ಕೇಳಿದರೆ ಅವ್ವ ಬಾಯಿಂದ ಉತ್ತರ ಕೊಡುವುದಿಲ್ಲ. ಸೆರಗಿನ ತುದಿಯನ್ನು ತಂಬಿಗೆಯಲ್ಲಿ ಅದ್ದಿ, ಕೇಳಿದವರ ಬಿಳಿ ಅಂಗಿಯ ತೋಳಿಗೇ ಹಚ್ಚಿ, ಜೋರಾಗಿ ತಿಕ್ಕುತ್ತಾಳೆ. “ಹತ್ತಿದ್ರ ಹೇಳು, ನಿನಗ ಹೊಸ ಅಂಗಿ ಹೊಲಿಸಿ ಕೊಡತೀನಿ” ಎನ್ನುತ್ತಾಳೆ. ಐವತ್ತು ವರ್ಷಗಳಲ್ಲಿ ನಮ್ಮ ಮನೆಯಿಂದ ಯಾರಿಗೂ ಒಂದು ಅಂಗಿ ಹೋಗಿಲ್ಲ. ತೋಳು ಒದ್ದೆ ಮಾಡಿಕೊಂಡು ಹೋದವರು ಮಾತ್ರ ಸಾವಿರಾರು. ರೋಣದ ಬಜಾರದಲ್ಲಿ ಗೌಸುಸಾಬರು ನಮ್ಮ ಸೀರೆಯನ್ನು ಮಾರುವಾಗ ದಾರ, ನೇಯ್ಗೆ, ಅಂಚು ಯಾವುದನ್ನೂ ಹೊಗಳುವುದಿಲ್ಲ. “ಕಳಕವ್ವನ ಕೆಂಪ್ರಿ” ಎಂದು ಎರಡೇ ಪದ ಹೇಳಿ ಸುಮ್ಮನೆ ಕೂರುತ್ತಾರೆ. ನಮ್ಮ ಮನೆಯ ಎರಡು ಮಗ್ಗ ನಡೆಯುವುದು ಆ ಎರಡು ಪದಗಳ ಮೇಲೆ. ನನ್ನ ಸಂಬಳದ ಮೇಲಲ್ಲ, ಗುಡ್ಡದ ಗಾಳಿಯ ಮೇಲೂ ಅಲ್ಲ.

ಮೇ ತಿಂಗಳ ಕೊನೆಗೆ ನಾನು ಉತ್ತರಪತ್ರಿಕೆ ತಿದ್ದಲು ಧಾರವಾಡಕ್ಕೆ ಹೋಗಬೇಕಾಯಿತು. ಹೋಗುವ ಮುನ್ನ, ನಾನು ಬರುವತನಕ ಹೊದಿಕೆಗೆ ಯಾರೂ ಕೈ ಹಚ್ಚಕೂಡದೆಂದು ಮನೆಮಂದಿಗೆಲ್ಲ ಕಟ್ಟಪ್ಪಣೆ ಮಾಡಿದೆ. ಅದೇ ಸಂಜೆ ಅಡ್ಡಮಳೆ ಬಂತು, ಒಂದೇ ತಾಸು. ಹೊದಿಕೆ ತೊಯ್ದು ಕಾರಿಗೆ ಅಂಟಿತು. ಮೂರು ದಿನ ಬಿಸಿಲಿಗೆ ಅಲ್ಲೇ ಒಣಗಿತು. ನನ್ನ ಅಪ್ಪಣೆಯನ್ನು ಮನೆಯವರು ಅದೊಂದು ಸಲ ಚಾಚೂತಪ್ಪದೆ ಪಾಲಿಸಿದರು. ನಾನು ಬಂದು, ಓಣಿಯ ಮಂದಿಯ ಎದುರು, ಸೆರಗು ಸರಿಸುವ ಗಾಂಭೀರ್ಯದಿಂದ ಹೊದಿಕೆ ಎತ್ತಿದೆ. ಉತ್ತರ ಧ್ರುವದ ಮುತ್ತಿನ ಮೇಲೆ ಮೂತಿಯಿಂದ ಬಾಲದವರೆಗೆ, ಅಳತೆ ಹಿಡಿದು ಗೆರೆ ಎಳೆದಂತೆ, ಕೆಂಪು ಚೌಕಡಿ ಮೂಡಿತ್ತು. ಕಾರ ಹುಣ್ಣಿಮೆಗೆ ಎತ್ತುಗಳಿಗೆ ಬಣ್ಣ ಬಳಿಯುವ ಸೀಮೆ ನಮ್ಮದು. ಹಬ್ಬ ಇನ್ನೂ ಎರಡು ವಾರ ಇತ್ತು. ಎದುರು ಮನೆಯ ಮಾಳಿಂಗರಾಯ ಬೆನ್ನ ಹಿಂದೆ ಕಟ್ಟಿದ ಕೈಯನ್ನು ಬಿಡದೆ, ನಿಯಮ ಮುರಿಯದೆ, ಬಹಳ ವಿನಯದಿಂದ, “ಸರ್, ಲಗೂನ ಕಾರ ಹುಣ್ಣಿವಿ ಮಾಡಿಬಿಟ್ರಲ್ಲರಿ. ಕೊಂಬಿಗೆ ರಿಬ್ಬನ್ ಯಾವಾಗ ಕಟ್ಟತೀರಿ?” ಎಂದು ಕೇಳಿದ.

ಸೋಪು, ಶಾಂಪೂ, ಕೈಪಿಡಿ ಹೇಳಿದ ದ್ರಾವಣ, ಕೈಪಿಡಿ ಬೇಡವೆಂದ ದ್ರಾವಣ, ಎಲ್ಲವೂ ಸೋತವು. ಎಲೆಯಡಿಕೆಯನ್ನು ಗೆದ್ದ ತಮ್ಮ ವೀರ ಹಾಳೆ ಚೌಕಡಿಯನ್ನು ಎದೆಗಪ್ಪಿಕೊಂಡು ಬಿಡಲೊಲ್ಲೆ ಎಂದಿತು. ನಾನು ತಮಗೆ ಕಾರಿನ ಫೋಟೋ ಕಳಿಸಿ ಫೋನು ಮಾಡಿದೆ. ತಾವು ಎಷ್ಟು ತಾಳ್ಮೆಯಿಂದ, ಎಷ್ಟು ಮಧುರವಾಗಿ ಮಾತಾಡಿದಿರೆಂದರೆ ನನಗೆ ದೂರು ಮರೆತು ತಮ್ಮ ಆರೋಗ್ಯ ವಿಚಾರಿಸಬೇಕೆನಿಸಿತು. ಕಲೆಯಾದ ಹಾಳೆಯನ್ನು ಕಿತ್ತು ಹೊಸ ಹಾಳೆಯನ್ನು ಪುಕ್ಕಟೆ ಹಚ್ಚಿಕೊಡುವುದಾಗಿಯೂ, ಅರ್ಜಿಯ ಹನ್ನೊಂದನೇ ಕಾಲಮಿನಲ್ಲಿ ಕಲೆ ಯಾವುದರಿಂದ ಆಯಿತೆಂದು ಬರೆದು ಸಹಿ ಮಾಡಿದರೆ ಸಾಕೆಂದೂ ತಿಳಿಸಿದಿರಿ. ನಿಯಮಾವಳಿಯನ್ನು ಓದಿ ನೋಡಿದೆ. ಮಣ್ಣು, ಹಿಕ್ಕೆ, ಕುಂಕುಮ, ಭಂಡಾರದ ಅರಿಶಿನ, ಉಗುಳು, ಹಣ್ಣಿನ ರಸ, ದೇವರ ಕಾರ್ಯ, ದೆವ್ವದ ಕಾರ್ಯ, ಇವ್ಯಾವುದಕ್ಕೂ ವಾರಂಟಿ ಇಲ್ಲ. ಇರುವುದು ಒಂದೇ ಒಂದಕ್ಕೆ: ‘ಬಟ್ಟೆಯ ಬಣ್ಣ ಬಿಟ್ಟು ಆದ ಕಲೆ.’

ಮಾನ್ಯರೇ, ಜಗತ್ತಿನ ಇಷ್ಟೆಲ್ಲ ಅಪರಾಧಗಳಲ್ಲಿ ತಾವು ಕ್ಷಮಿಸಲು ಆರಿಸಿಕೊಂಡದ್ದು ನಾನು ಒಪ್ಪಿಕೊಳ್ಳಲಾಗದ ಅದೊಂದನ್ನೇ. ಕಳಕವ್ವನ ಮಗ, ಬಟ್ಟೆಯ ಬಣ್ಣ ಬಿಟ್ಟಿತೆಂದು ಬರೆದು ಸಹಿ ಮಾಡುವುದೇ? ಹಾಗಾಗಿ ಕುಂಕುಮವೆಂದು ಬರೆದುಕೊಳ್ಳಿ, ಕೃಪೆ ತೋರಿ ಮಂಜೂರು ಮಾಡಿ ಎಂದೆ. ತಾವು, “ಸರ್, ಕುಂಕುಮ ಹಿಂಗ ಚೌಕಡಿ ಚೌಕಡಿ ಆಗಿ ಬೀಳತೈತೇನ್ರಿ?” ಎಂದು ಕೇಳಿದಿರಿ. ಗದಗಿನ ಬಸ್ಸಿನ ಕಿಟಕಿಯಿಂದ ಯಾರೋ ಉಗುಳಿರಬೇಕೆಂದೆ. “ಇಷ್ಟು ಅಳತಿ ಹಿಡದು ಉಗಳಿದ್ರ ಅವರಿಗೆ ಬಹುಮಾನ ಕೊಡಬೇಕ್ರಿ ಸರ್” ಎಂದಿರಿ. ಮಾವಿನ ಹಣ್ಣು, ದಾಸವಾಳ, ಇಳಿಹೊತ್ತಿನ ಸೂರ್ಯ, ಎಲ್ಲವನ್ನೂ ಒಂದೊಂದಾಗಿ ತಮ್ಮ ಮುಂದಿಟ್ಟೆ. ಕೊನೆಗೆ ತಾವು, ಮಗುವಿಗೆ ಔಷಧಿ ಕುಡಿಸುವ ದನಿಯಲ್ಲಿ, “ಬಟ್ಟಿ ಬಣ್ಣಾ ಬಿಟ್ಟೈತಿ ಅಂತ ಬರದುಬಿಡ್ರಿ ಸರ್. ಅದರಾಗ ಏನೈತ್ರಿ ನಾಚಿಕಿ?” ಎಂದು ಫೋನು ಇಟ್ಟಿರಿ. ಏನೈತಿ ಎಂಬುದನ್ನು ತಮಗೆ ವಿವರಿಸಲು ಈ ಮೇಲಿನ ಹತ್ತು ಪ್ಯಾರಾಗಳು ಬೇಕಾದವು.

ಆದ್ದರಿಂದ ತಮ್ಮ ಘನ ಸಂಸ್ಥೆಯಲ್ಲಿ ನನ್ನ ಕೆಲವು ಸಣ್ಣ ಪ್ರಾರ್ಥನೆಗಳನ್ನು ಸಲ್ಲಿಸುತ್ತಿದ್ದೇನೆ. ಅರ್ಜಿಯಲ್ಲಿ ಹನ್ನೆರಡನೆಯ ಕಾಲಮೊಂದನ್ನು ಸೇರಿಸಿ, ಅದಕ್ಕೆ ‘ಮನೆಯಲ್ಲಿ ಹೇಳಲಾಗದ ಕಾರಣ’ ಎಂದು ಹೆಸರಿಟ್ಟು, ಹಾಗೆ ಆದ ಕಲೆಗಳಿಗೆಲ್ಲ ವಾರಂಟಿ ವಿಸ್ತರಿಸಬೇಕು. ಇದರಿಂದ ನನಗೊಬ್ಬನಿಗಲ್ಲ, ಅನೇಕ ಗೃಹಸ್ಥರಿಗೆ ಉಪಕಾರವಾದೀತು. ಅದು ಆಗದಿದ್ದರೆ ತಮ್ಮ ಹಾಳೆ ನಮ್ಮ ಹೊದಿಕೆಯ ಸೊಬಗು ನೋಡಿ ನಾಚಿ ಕೆಂಪಾಯಿತೆಂದು ದಾಖಲಿಸಬೇಕು. ಅದೂ ಕಷ್ಟವೆನಿಸಿದರೆ ಹುಬ್ಬಳ್ಳಿಯಿಂದ ಗದಗಿನವರೆಗಿನ ತಮ್ಮ ಗ್ರಾಹಕರ ಬಿಳಿ ಕಾರುಗಳಿಗೆಲ್ಲ ಇದೇ ಚೌಕಡಿ ಹಾಕಿಸಿ, ಇದು ಈ ವರ್ಷದ ಫ್ಯಾಶನ್ ಎಂದು ಜಾಹೀರಾತು ಕೊಡಬೇಕು. ವಿನ್ಯಾಸದ ಹಕ್ಕನ್ನು ಬಿಟ್ಟುಕೊಡಲು ನಾನು ಸಿದ್ಧ. ಇನ್ನೊಂದು ಮಾತು. ಮನೆತನದ ಮರ್ಯಾದೆಗೆ ಹಚ್ಚುವಂಥ, ಗೀರು ಬಿದ್ದರೆ ಬಿಸಿಲಿಗೆ ತಾನೇ ಮಾಯುವಂಥ ಹಾಳೆಯನ್ನೇನಾದರೂ ತಾವು ತಯಾರಿಸುತ್ತಿದ್ದರೆ ಒಂದು ಆಳಿನ ಅಳತೆಯದನ್ನು ಕೂಡಲೇ ಕಳಿಸಿಕೊಡಬೇಕು. ಆಳಿನ ಎತ್ತರ ಐದಡಿ ನಾಲ್ಕಂಗುಲ, ಸದ್ಯಕ್ಕೆ ಇನ್ನೂ ಕುಗ್ಗುತ್ತಿದೆ.

ಕುಗ್ಗಿಸಿದವರಲ್ಲಿ ಮೊದಲನೆಯವರು ಗೌಸುಸಾಬರು. ಚೌಕಡಿ ಹೊತ್ತ ಕಾರಿನಲ್ಲಿ ಕಾಲೇಜಿಗೆ ಹೋಗುವಾಗ ಅವರ ಅಂಗಡಿಯ ಮುಂದೆ ಕಡಲೆ ಚೀಲದ ಟ್ರ್ಯಾಕ್ಟರು ಅಡ್ಡ ನಿಂತು, ನಾನೂ ನಿಲ್ಲಬೇಕಾಯಿತು. ಅವರು ಗಲ್ಲೆ ಬಿಟ್ಟು ಇಳಿದು ಬಂದು, ಕನ್ನಡಕ ಹಣೆಗೇರಿಸಿ, ಕಾರಿನ ಬೆನ್ನಿಗೆ ಕಣ್ಣು ಹಚ್ಚಿ ನೋಡಿದರು. “ಸರ್, ಇದು ನಿಮ್ಮನಿ ಕೆಂಪ ಅಲ್ಲರೀ?” ಅಲ್ಲ, ಕುಂಕುಮ ಎಂದೆ. ಅವರು ಕನ್ನಡಕ ಇಳಿಸಿ, “ಸುಳ್ಳ ಹೇಳಾಕೂ ರೂಢಿ ಬೇಕ್ರಿ ಸರ್, ನಿಮಗಿಲ್ಲ” ಎಂದಷ್ಟೇ ಹೇಳಿ ಒಳಗೆ ಹೋದರು. ಆ ದಿನ ಅವರು ಕಪಾಟಿನಲ್ಲಿದ್ದ ನಮ್ಮ ಸೀರೆಗಳನ್ನು ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಸರಿಸಿದರೆಂದು ಆಮೇಲೆ ತಿಳಿಯಿತು.

ಎರಡನೆಯವಳು ಅವ್ವ. ಎಲ್ಲರೂ ಕುಂಕುಮ ಕುಂಕುಮ ಎನ್ನುತ್ತಿದ್ದರೆ ಅವಳು ಹಿತ್ತಲಿಗೆ ಬಂದು, ಹೆಬ್ಬೆಟ್ಟಿಗೆ ಎಂಜಲು ಹಚ್ಚಿ, ಬಾನೆಟ್ಟಿನ ಒಂದು ಚೌಕವನ್ನು ತಿಕ್ಕಿ, ಬೆರಳನ್ನು ಬೆಳಕಿಗೆ ಹಿಡಿದಳು. “ಇದು ನನ್ನ ಕೈಯಾಗಿಂದಲ್ಲ” ಎಂದಳು. ನನಗೆ ಹೋದ ಜೀವ ಬಂದಂತಾಗಿ, ಅಲ್ಲವೇ ಅಲ್ಲ, ನಾನೂ ಅದನ್ನೇ ಹೇಳುತ್ತಿದ್ದೇನೆ ಎಂದೆ. ಅವಳು ನನ್ನ ಮಾತಿಗೆ ಕಿವಿಗೊಡದೆ, ಬೆರಳನ್ನೇ ನೋಡುತ್ತ, “ಯಾವನೋ ಹೊಸಬ ಹಾಕ್ಯಾನ. ಕೆಲಸಾ ಬರೂದಿಲ್ಲ, ಅವಸರಾ ಭಾಳ” ಎಂದು ಒಳಗೆ ಹೋದಳು.

ಮೂರನೆಯವಳು ಮಧುಮತಿ, ಅವಳು ಕೈ ತೋರಿಸಿದಳು. ಮೊನ್ನೆ ಮಧ್ಯಾಹ್ನ ಊಟಕ್ಕೆ ಕುಳಿತಾಗ ರೊಟ್ಟಿ ಮುರಿಯದೆ ಹತ್ತೂ ಬೆರಳು ನನ್ನ ಮುಂದೆ ಹಿಡಿದಳು, ತುದಿಗಳು ಕೆಂಪಾಗಿದ್ದವು. ಚಳಿಯಲ್ಲಿ ಒಣಗಿದ ಬೆರಳಿಗೆ ಕಾಣದ್ದು ಬೇಸಿಗೆಯ ಬೆವರಿಗೆ ಕಂಡಿತ್ತು. “ಅತ್ತೀ ಕೆಂಪ ನೇಯಾಕತ್ತು ಇಪ್ಪತ್ತ ವರ್ಷಾತ್ರಿ. ಒಂದ ದಿನಾ ಬಟ್ಟು ಕೆಂಪಾಗಿಲ್ಲ” ಎಂದಳು. ಈಗ ಮಗ್ಗದ ಮೇಲಿರುವ ಲಡಿಯೊಂದನ್ನು ಬಿಟ್ಟು, ಹೊದಿಕೆಗೆ ಹಾಕಿ ಉಳಿದ ಲಡಿಗಳನ್ನು ಏನು ಮಾಡಿದೆ ಎಂದು ಕೇಳಿದೆ. ಕೇಳಬಾರದಿತ್ತು. ಅವು ಆರು ಸೀರೆಗಳ ಅಂಚಾಗಿ ಏಪ್ರಿಲಿನಲ್ಲೇ ಗೌಸುಸಾಬರ ಅಂಗಡಿಗೆ ಹೋಗಿದ್ದವು.

ಅಂದು ಊಟ ಬಿಟ್ಟು ರೋಣಕ್ಕೆ ಓಡಿದೆ. ಸ್ಪೋರ್ಟ್ಸ್ ಕಾರನ್ನು ಅದು ಓಡಬೇಕಾದ ವೇಗದಲ್ಲಿ ಓಡಿಸಿದ್ದು ಅದೊಂದೇ ಸಲ. ಗೌಸುಸಾಬರು ನಾನು ಬಾಯಿ ತೆರೆಯುವ ಮೊದಲೇ ಎರಡು ಸೀರೆ ತೆಗೆದು ಗಲ್ಲೆಯ ಮೇಲಿಟ್ಟು, “ನಾಕು ಹೋಗ್ಯಾವ್ರಿ” ಎಂದರು. ಜಕ್ಕಲಿಗೆ ಎರಡು, ರಾಜೂರಿಗೆ ಒಂದು. ಆ ಮೂರೂ ಮನೆಗಳ ಗುರುತು ಅವರಿಗಿದೆ. ನಾಲ್ಕನೆಯ ಸೀರೆ ಒಯ್ದವರು ಯಾರೆಂದು ಗೊತ್ತಿಲ್ಲ; ಗದಗಿನ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿದ್ದ ಒಬ್ಬ ತಾಯಿ, ಮಗಳ ಸೀಮಂತಕ್ಕೆಂದು, ಹಸಿರು ಮೈ ಕೆಂಪು ಅಂಚಿನದನ್ನು ತೋಳಿನ ಪರೀಕ್ಷೆಯನ್ನೂ ಕೇಳದೆ, “ಕಳಕವ್ವನ ಕೆಂಪು ಅಂದ ಮ್ಯಾಲೆ ಮುಗೀತು” ಎಂದು ಒಯ್ದರಂತೆ. ಬಸುರಿಗೆ ಉಡಿಸಿ, ಆರತಿ ಮಾಡಿ, ಆಮೇಲೆ ಒಂದು ದಿನ ಅದನ್ನು ನೀರಿಗೆ ಹಾಕುತ್ತಾರೆ. ಹಸಿರೆಲ್ಲ ರಾಡಿಯಾದಾಗ ಅವರು ಬೈಯುವುದು ನನ್ನನ್ನಲ್ಲ, ತಮ್ಮನ್ನೂ ಅಲ್ಲ. ನನ್ನ ಕಾರಿಗೆ ತಮ್ಮ ಹಾಳೆ ಇತ್ತು ಮೇಡಂ. ಕೆಳಗಿನ ಬಿಳಿ ಇನ್ನೂ ಬಿಳಿಯಾಗಿಯೇ ಇದೆ. ಅವ್ವನ ಹೆಸರಿಗೆ ಅಂಥ ಹಾಳೆ ಯಾವುದೂ ಇಲ್ಲ.

ಹೀಗಾಗಿ ಮೇಲಿನ ಎಲ್ಲ ಪ್ರಾರ್ಥನೆಗಳನ್ನೂ ಹಿಂತೆಗೆದುಕೊಂಡು, ಹನ್ನೊಂದನೇ ಕಾಲಮನ್ನು ತುಂಬಿ, ಸಹಿ ಮಾಡಿ ಇದರೊಂದಿಗೆ ಲಗತ್ತಿಸಿದ್ದೇನೆ: ‘ಬಟ್ಟೆಯ ಬಣ್ಣ ಬಿಟ್ಟಿತು.’ ಹೊಸ ಹಾಳೆಯನ್ನು ತಮ್ಮ ಅನುಕೂಲವಿದ್ದಾಗ ಹಚ್ಚಿಕೊಡಬಹುದು, ಅವಸರವಿಲ್ಲ. ಚೌಕಡಿಗೆ ಊರೂ ಒಗ್ಗಿಕೊಂಡಿದೆ, ಬಸ್ ಸ್ಟ್ಯಾಂಡಿನಲ್ಲಿ ಅದನ್ನೀಗ ‘ಟಾವೆಲ್ ಗಾಡಿ’ ಎಂದು ಪ್ರೀತಿಯಿಂದಲೇ ಕರೆಯುತ್ತಾರೆ. ರೋಣದ ವಾರಪತ್ರಿಕೆಯಲ್ಲಿ ಈ ಪತ್ರವನ್ನು ಅಚ್ಚು ಹಾಕಿಸುತ್ತಿರುವುದು ತಮ್ಮನ್ನು ನಾಚಿಸಲಿಕ್ಕಲ್ಲವೆಂದು ತಾವು ಈಗಾಗಲೇ ಗ್ರಹಿಸಿರುತ್ತೀರಿ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಇದನ್ನು ಅವ್ವನಿಗೆ ನಾನೇ ಓದಿ ಹೇಳುವವನಿದ್ದೇನೆ. ಹತ್ತೂಕಾಲಿಗೆ ಸರಿಯಾಗಿ ಫೋನು ಮಾಡಿ, ಕಾರನ್ನು ಕೂಡಲೇ ಹುಬ್ಬಳ್ಳಿಗೆ ತರದಿದ್ದರೆ ಅನಾಹುತವಾದೀತೆಂದು ಹೇಳಿ ತಾವು ನನ್ನನ್ನು ಮನೆಯಿಂದ ಬಿಡಿಸಿಕೊಂಡರೆ ಆಜನ್ಮ ಋಣಿಯಾಗಿರುತ್ತೇನೆ.

ಇಂತು, ಹಾಳೆಯ ಮೇಲೂ ಹಾಳೆಯ ಒಡತಿಯ ಮೇಲೂ ಎಳ್ಳಷ್ಟೂ ಕೋಪವಿಲ್ಲದ,
ತಮ್ಮ ವಿಶ್ವಾಸಿ,
ಗುರುಸಂಗಪ್ಪ, ಎಂ.ಎಸ್ಸಿ.,
ನೇಕಾರ ಓಣಿ, ಗಜೇಂದ್ರಗಡ.

ತಾ.ಕ.: ಈ ಸಾಲುಗಳು ಅನಿತಾ ಮೇಡಂ ಅವರಿಗಲ್ಲ, ಗದಗಿನ ಬಸ್ಸು ಹತ್ತಿದ ಆ ತಾಯಿಗೆ. ಅಮ್ಮಾ, ಆ ಹಸಿರು ಸೀರೆಯನ್ನು ದಯವಿಟ್ಟು ನೀರಿಗೆ ಹಾಕಬೇಡಿ. ಗೌಸುಸಾಬರ ಅಂಗಡಿಗೆ ತಂದುಕೊಟ್ಟರೆ ಅಂಥದೇ ಬೇರೆ ಸೀರೆ ಸಿಗುತ್ತದೆ. ಈಗಾಗಲೇ ಒಗೆದಿದ್ದರೆ ಅದರ ಜೊತೆ ಕೆಟ್ಟ ಬಟ್ಟೆಯನ್ನೂ ತನ್ನಿ, ಬೈಗುಳವನ್ನೂ ತನ್ನಿ. ಆದರೆ ಬೈಗುಳ ಸರಿಯಾದ ವಿಳಾಸಕ್ಕೆ ಮುಟ್ಟಲಿ. ಅದು ಕಳಕವ್ವನ ಕೆಂಪಲ್ಲ. ಫೆಬ್ರುವರಿಯಲ್ಲಿ ಅವ್ವ ಜಕ್ಕಲಿಗೆ ತಂಗಿಯ ಮನೆಗೆ ಹೋಗಿದ್ದಾಗ ಹೊದಿಕೆಗೆ ಕೆಂಪು ಸಾಲದೆ ಬಂತು, ಎಂ.ಎಸ್ಸಿ. ಮಾಡಿದವನಿಗೆ ಒಂದು ಹಂಡೆ ಬಣ್ಣ ಯಾವ ಲೆಕ್ಕವೆಂದು ನಾನೇ ಒಲೆ ಹಚ್ಚಿದೆ. ನೂಲು ಹಂಡೆಯಲ್ಲಿದ್ದಾಗ, ಕಾರು ಕಾರ್ಖಾನೆಯಿಂದ ಹೊರಟಿತೆಂದು ಫೋನಿಗೆ ಸಂದೇಶ ಬಂತು, ಜೊತೆಗೆ ಫೋಟೋ. ಫೋಟೋವನ್ನು ಹಿಗ್ಗಿಸಿ, ಕುಗ್ಗಿಸಿ, ತಿರುಗಿಸಿ ನೋಡುತ್ತ ಅರ್ಧ ತಾಸು ನಿಂತು, ಆಮೇಲೆ ಗಡಿಬಿಡಿಯಿಂದ ನೂಲು ತೆಗೆದು, ಹಿಂಡಿ, ಒಣಹಾಕಿ, ಅವ್ವನ ಲಡಿಗಳ ಜೊತೆ ಬೆರೆಸಿಟ್ಟೆ. ಬಣ್ಣ ನೂಲಿಗೆ ಕಚ್ಚಿಕೊಳ್ಳಲು ಹಂಡೆಗೆ ಸೋಡಾ ಹಾಕಬೇಕು. ನಾನು ಹಾಕಿರಲಿಲ್ಲ. ಸೋಡಾ ಏಕೆ ಹಾಕಬೇಕು, ಹಾಕದಿದ್ದರೆ ಏನಾಗುತ್ತದೆ ಎಂಬುದನ್ನು ಅದೇ ದಿನ ಬೆಳಿಗ್ಗೆ ಬಿ.ಎಸ್ಸಿ. ಅಂತಿಮ ವರ್ಷದ ತರಗತಿಯಲ್ಲಿ ಬರೆಯಿಸಿ, ಪರೀಕ್ಷೆಗೆ ಇದು ಬಂದೇ ಬರುತ್ತದೆ, ಮರೆಯುವವರು ದಡ್ಡರು ಎಂದು ಹೇಳಿ ಬಂದಿದ್ದೆ.